ನಿದ್ರಿತರ ಕಾವಲು: ಅಂತರಿಕ್ಷ ಕಥನಗಳಲ್ಲಿ ಶಿಶಿರನಿದ್ರೆಯ ಪರಿಕಲ್ಪನೆ

1

ವೈಜ್ಞಾನಿಕ ಕಥಾಸಾಹಿತ್ಯವನ್ನು ಕುರಿತ ವಿಮರ್ಶೆಯಲ್ಲಿ ಎರಡು ರೂಢಿಗಳು ಪ್ರಬಲವಾಗಿವೆ. ಕಥೆಯಲ್ಲಿ ಬರುವ ತಂತ್ರಜ್ಞಾನ ವಾಸ್ತವದಲ್ಲಿ ಸಾಧ್ಯವೇ ಎಂದು ಪರೀಕ್ಷಿಸುವುದು ಒಂದು. ಅದನ್ನು ಕಾಲದ ಯಾವುದೋ ಆತಂಕದ ರೂಪಕವೆಂದು ಓದಿ ಮುಗಿಸುವುದು ಇನ್ನೊಂದು. ಇವೆರಡೂ ಅಗತ್ಯವಾದ ಕೆಲಸಗಳೇ. ಆದರೆ ಕಲ್ಪಿತ ತಂತ್ರವೊಂದು ಕಥೆಯೊಳಗಿನ ಮನುಷ್ಯರ ನಡುವೆ ಎಂತಹ ಹೊಣೆ, ಹಕ್ಕು, ಅವಲಂಬನೆಗಳನ್ನು ಹುಟ್ಟಿಸುತ್ತದೆ ಎಂಬ ಪ್ರಶ್ನೆ ಈ ಎರಡರ ನಡುವೆ ಬಿಟ್ಟುಹೋಗುತ್ತದೆ. ಅಂತರಿಕ್ಷ ಪ್ರಯಾಣದ ಕಥನಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಮಾನವ ಶಿಶಿರನಿದ್ರೆ, ಅಂದರೆ ಹೈಬರ್ನೇಷನ್, ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ತಕ್ಕ ವಸ್ತುವಾಗಿದೆ.

ಈ ಕಲ್ಪನೆಯ ಮೂಲದಲ್ಲಿರುವುದು ದೂರದ ಲೆಕ್ಕ. ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.2 ಜ್ಯೋತಿರ್ವರ್ಷಗಳಾಚೆ ಇದೆ. 1977ರಲ್ಲಿ ಹಾರಿಬಿಟ್ಟ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಅದೇ ವೇಗದಲ್ಲಿ ಆ ನಕ್ಷತ್ರದಷ್ಟು ದೂರ ಕ್ರಮಿಸಲು 70 ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ಮನುಷ್ಯನ ಆಯುಷ್ಯಕ್ಕೂ ಈ ದೂರಕ್ಕೂ ಹೊಂದಿಕೆ ತರಲು ಕಥೆಗಾರನ ಮುಂದಿರುವ ದಾರಿಗಳು ಕೆಲವೇ. ಬೆಳಕನ್ನು ಮೀರುವ ವೇಗವನ್ನು ಕಲ್ಪಿಸಬಹುದು. ನೌಕೆಯಲ್ಲೇ ತಲೆಮಾರುಗಳು ಹುಟ್ಟಿ ಸಾಯುವಂತೆ ಮಾಡಬಹುದು. ಇಲ್ಲವೇ ಪ್ರಯಾಣಿಕರನ್ನು ಮಲಗಿಸಬಹುದು. ಮೂರನೆಯದು ಎಲ್ಲಕ್ಕಿಂತ ಸುಲಭವಾದ ದಾರಿಯಾಗಿ ತೋರುತ್ತದೆ. ಪಾತ್ರ ಒಂದು ಪುಟದಲ್ಲಿ ಕಣ್ಣು ಮುಚ್ಚಿ ಮರುಪುಟದಲ್ಲಿ ತೆರೆದರೆ ಶತಮಾನ ಕಳೆದಿರುತ್ತದೆ. ಬಹುಪಾಲು ಜನಪ್ರಿಯ ಕಥನಗಳು ಇಷ್ಟಕ್ಕೇ ತೃಪ್ತವಾಗಿವೆ. ಆದರೆ ಈ ಸೌಲಭ್ಯಕ್ಕೆ ತೆರಬೇಕಾದ ಬೆಲೆಯನ್ನು ಗಂಭೀರವಾಗಿ ಯೋಚಿಸಿದ ಕೃತಿಗಳೂ ಇವೆ. ಮಲಗಿದವನ ದೇಹ ಯಾರ ವಶದಲ್ಲಿರುತ್ತದೆ, ಅವನನ್ನು ಕಾಯುವವರು ಯಾರು, ಎಬ್ಬಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಅಲ್ಲಿ ಕಥೆಯ ಕೇಂದ್ರಕ್ಕೆ ಬರುತ್ತವೆ. ಆ ಕೃತಿಗಳನ್ನು ಕಾವಲಿನ ಕಥೆಗಳೆಂದು ಓದಲು ಸಾಧ್ಯವಿದೆ ಎಂಬುದು ಈ ಪ್ರಬಂಧದ ವಾದ.

2

ಮೊದಲು ಪದದ ವಿಚಾರ. ಕನ್ನಡದ ‘ಶಿಶಿರನಿದ್ರೆ’, ಇಂಗ್ಲಿಷ್ ಕಥನಗಳ ‘ಕ್ರಯೋಸ್ಲೀಪ್’ ಎರಡೂ ಈ ಸ್ಥಿತಿಯನ್ನು ನಿದ್ರೆಯೆಂದೇ ಕರೆಯುತ್ತವೆ. ಜೀವವಿಜ್ಞಾನ ಹೇಳುವುದು ಬೇರೆ. ಶಿಶಿರನಿದ್ರೆಯಲ್ಲಿರುವ ಪ್ರಾಣಿಯ ಚಯಾಪಚಯ ಕ್ರಿಯೆ ಕುಗ್ಗುತ್ತದೆ. ಹೃದಯದ ಬಡಿತ, ಉಸಿರಾಟ, ದೇಹದ ಉಷ್ಣತೆ ಇಳಿಯುತ್ತವೆ. ಆರ್ಕ್ಟಿಕ್ ಪ್ರದೇಶದ ನೆಲ ಅಳಿಲಿನ ದೇಹದ ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿಳಿಯಬಲ್ಲುದು ಎಂದು 1989ರಲ್ಲಿ ವರದಿಯಾಯಿತು. ಕರಡಿಯ ಉಷ್ಣತೆ ಕೆಲವೇ ಡಿಗ್ರಿಗಳಷ್ಟು ಇಳಿದರೂ ಚಯಾಪಚಯ ಮಾತ್ರ ಎಚ್ಚರದ ಸ್ಥಿತಿಯ ಕಾಲುಭಾಗದ ಹತ್ತಿರಕ್ಕೆ ಬರುತ್ತದೆ. ಇನ್ನೂ ಕುತೂಹಲದ ಸಂಗತಿಯೆಂದರೆ, ನೆಲ ಅಳಿಲಿನಂತಹ ಪ್ರಾಣಿಗಳು ಚಳಿಗಾಲದ ನಡುವೆ ಹಲವು ಬಾರಿ ಮೈ ಬಿಸಿ ಮಾಡಿಕೊಂಡು ಆ ಸ್ಥಿತಿಯಿಂದ ಹೊರಬರುತ್ತವೆ. ಹೀಗೆ ಹೊರಬಂದಾಗ ಅವು ಗಾಢವಾಗಿ ನಿದ್ರಿಸುತ್ತವೆ. ಅಂದರೆ ನಾವು ನಿದ್ರೆಯೆಂದು ಕರೆಯುವ ಸ್ಥಿತಿಯೇ ಪ್ರಾಣಿಯನ್ನು ನಿದ್ರೆಯಿಂದ ವಂಚಿತವಾಗಿಸುವಂತಿದೆ.

ಮನುಷ್ಯನ ವಿಷಯದಲ್ಲಿ ಇಂದಿಗೂ ಸಾಧ್ಯವಾಗಿರುವುದು ಅತ್ಯಲ್ಪ. ಹೃದಯ ಸ್ತಂಭನಕ್ಕೆ ಒಳಗಾದವರ ದೇಹವನ್ನು 32ರಿಂದ 34 ಡಿಗ್ರಿಗಳವರೆಗೆ ತಂಪುಗೊಳಿಸಿ ಒಂದೆರಡು ದಿನ ಇರಿಸುವ ಚಿಕಿತ್ಸೆ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದೆ. ಇದನ್ನೇ ಆಧಾರವಾಗಿಟ್ಟು ಮಂಗಳಯಾತ್ರಿಗಳನ್ನು ಸರದಿಯ ಮೇಲೆ ಜಡಸ್ಥಿತಿಯಲ್ಲಿರಿಸುವ ಯೋಜನೆಯೊಂದನ್ನು ಅಮೆರಿಕದ ಸ್ಪೇಸ್‌ವರ್ಕ್ಸ್ ಸಂಸ್ಥೆ ನಾಸಾದ ನೆರವಿನಿಂದ 2013ರಲ್ಲಿ ಅಧ್ಯಯನಕ್ಕೆ ತೆಗೆದುಕೊಂಡಿತು. ಆಹಾರ, ಗಾಳಿ, ವಾಸಸ್ಥಳದ ಭಾರವನ್ನು ಕಡಿಮೆ ಮಾಡುವುದೇ ಅದರ ಪ್ರೇರಣೆ. ಯುರೋಪಿನ ಅಂತರಿಕ್ಷ ಸಂಸ್ಥೆಯೂ ಇದೇ ಬಗೆಯ ಅಧ್ಯಯನಗಳನ್ನು ಬೆಂಬಲಿಸಿದೆ. ಕಥೆಗಳ ಶತಮಾನಗಳ ನಿದ್ರೆಗೂ ವೈದ್ಯಕೀಯದ ಈ ಎರಡು ದಿನಗಳಿಗೂ ಇರುವ ಅಂತರ ಅಗಾಧವಾದುದು. ಆದರೆ ಎರಡನ್ನೂ ಕೂಡಿಸುವ ಒಂದು ಅಂಶವಿದೆ: ತಂಪುಗೊಂಡ ರೋಗಿ ಒಂದು ಕ್ಷಣವೂ ಒಬ್ಬನೇ ಇರುವಂತಿಲ್ಲ. ಅವನ ಪಕ್ಕದಲ್ಲಿ ಎಚ್ಚರವಾಗಿರುವ ಯಾರಾದರೂ ಇರಲೇಬೇಕು. ‘ನಿದ್ರೆ’ ಎಂಬ ಪದದ ನೆಮ್ಮದಿ ಮರೆಮಾಡುವುದು ಈ ಪರಾಧೀನತೆಯನ್ನೇ.

3

ದೀರ್ಘನಿದ್ರೆಯ ಕಥೆಗಳು ಯಂತ್ರಯುಗಕ್ಕಿಂತ ಬಹಳ ಹಳೆಯವು. ಕ್ರೈಸ್ತ ಮತ್ತು ಇಸ್ಲಾಂ ಪರಂಪರೆಗಳಲ್ಲಿ ಗುಹೆಯಲ್ಲಿ ಮಲಗಿದ ಯುವಕರ ಕಥೆಯಿದೆ. ಭಾರತೀಯ ಪುರಾಣಗಳ ಮುಚುಕುಂದ, ಕುಂಭಕರ್ಣರು ಕನ್ನಡದ ಓದುಗರಿಗೆ ಸುಪರಿಚಿತರು. ಇವುಗಳನ್ನು ಪ್ರಾಚೀನರಿಗೆ ಶಿಶಿರನಿದ್ರೆಯ ತಂತ್ರ ತಿಳಿದಿತ್ತೆಂಬುದಕ್ಕೆ ಸಾಕ್ಷಿಯಾಗಿ ತೋರಿಸುವ ಹವ್ಯಾಸ ವಿಜ್ಞಾನಕ್ಕೂ ಪುರಾಣಕ್ಕೂ ಅನ್ಯಾಯ ಮಾಡುತ್ತದೆ. ಪುರಾಣದಲ್ಲಿ ನಿದ್ರೆ ವರ ಅಥವಾ ಶಾಪ. ಅದಕ್ಕೆ ಉಪಕರಣವಿಲ್ಲ, ವಿಧಾನವಿಲ್ಲ. ಹೋಲಿಕೆಯಿಂದ ಪ್ರಯೋಜನವಿರುವುದು ಬೇರೆ ಕಡೆ. ಮಲಗಿದವನ ರಕ್ಷಣೆಯ ಪ್ರಶ್ನೆಯನ್ನು ಈ ಕಥೆಗಳು ಹೇಗೆ ಬಗೆಹರಿಸಿಕೊಂಡಿವೆ ಎಂಬುದನ್ನು ನೋಡಬೇಕು.

ಭಾಗವತದ ದಶಮಸ್ಕಂಧದಲ್ಲಿ ಬರುವ ಮುಚುಕುಂದ ದೇವತೆಗಳ ಪರವಾಗಿ ದೀರ್ಘಕಾಲ ಕಾವಲುನಿಂತು ಹೋರಾಡಿದ ರಾಜ. ಯುದ್ಧ ಮುಗಿಯುವಷ್ಟರಲ್ಲಿ ಅವನ ಮಡದಿ, ಮಕ್ಕಳು, ಮಂತ್ರಿಗಳು, ಪ್ರಜೆಗಳು ಎಲ್ಲರೂ ಕಾಲವಶರಾಗಿರುತ್ತಾರೆ. ಹಿಂತಿರುಗಿ ಹೋಗಲು ಮನೆಯೇ ಉಳಿಯದ ಅವನು ನಿದ್ರೆಯನ್ನು ಬೇಡಿ ಗುಹೆಯಲ್ಲಿ ಮಲಗುತ್ತಾನೆ. ಅವನ ನಿದ್ರೆಗೆ ಭಂಗ ತಂದವನು ಅವನ ದೃಷ್ಟಿ ತಾಗಿ ಭಸ್ಮವಾಗುತ್ತಾನೆ. ಕೃಷ್ಣನನ್ನು ಅಟ್ಟಿಸಿಕೊಂಡು ಬಂದು, ಮಲಗಿದವನೇ ಕೃಷ್ಣನೆಂದು ಒದ್ದ ಕಾಲಯವನನ ಗತಿ ಅದೇ ಆಗುತ್ತದೆ. ಗುಹೆಯಿಂದ ಹೊರಬಂದ ಮುಚುಕುಂದ ಮನುಷ್ಯರು, ಪಶುಗಳು, ಮರಗಳೆಲ್ಲ ಗಾತ್ರದಲ್ಲಿ ಕಿರಿದಾಗಿರುವುದನ್ನು ಕಂಡು ಕಲಿಯುಗ ಬಂದಿತೆಂದು ತಿಳಿದು ಉತ್ತರ ದಿಕ್ಕಿಗೆ ತಪಸ್ಸಿಗೆ ಹೊರಡುತ್ತಾನೆ. ಇಲ್ಲಿ ರಕ್ಷಣೆ ಮಲಗಿದವನ ಕಣ್ಣಿನಲ್ಲೇ ಇದೆ. ಅವನು ಯಾರನ್ನೂ ನಂಬಬೇಕಾಗಿಲ್ಲ.

ಕುಂಭಕರ್ಣನ ನಿದ್ರೆಯ ಹಿಂದಿರುವುದು ಇನ್ನೊಂದು ತರ್ಕ. ವಾಲ್ಮೀಕಿಯ ಯುದ್ಧಕಾಂಡದ ಪ್ರಕಾರ ಅವನ ಹಸಿವಿಗೆ ಲೋಕದ ಜೀವಿಗಳೇ ಮುಗಿದುಹೋಗುವ ಭಯದಿಂದ ಬ್ರಹ್ಮ ಅವನಿಗೆ ನಿದ್ರೆಯ ಶಾಪ ಕೊಡುತ್ತಾನೆ. ರಾವಣನ ಮೊರೆಯ ಮೇಲೆ ಅದು ಆರು ತಿಂಗಳ ನಿದ್ರೆ, ಒಂದು ದಿನದ ಎಚ್ಚರ ಎಂದು ನಿಗದಿಯಾಗುತ್ತದೆ. ಉಣ್ಣುವ ಬಾಯಿಯನ್ನು ಮಲಗಿಸಿ ಉಗ್ರಾಣವನ್ನು ಉಳಿಸುವ ಈ ಲೆಕ್ಕಾಚಾರ ಅಂತರಿಕ್ಷ ನೌಕೆಯ ಲೆಕ್ಕಾಚಾರಕ್ಕೆ ಹತ್ತಿರದ್ದು. ಯುದ್ಧದ ಅಗತ್ಯ ಬಿದ್ದಾಗ ಕುಂಭಕರ್ಣನನ್ನು ಎಬ್ಬಿಸಲಾಗುತ್ತದೆ. ಎಬ್ಬಿಸುವ ನಿರ್ಧಾರ ಅವನದಲ್ಲ.

ತೆಲುಗು ಹೆಣ್ಣುಮಕ್ಕಳ ರಾಮಾಯಣದ ಹಾಡುಗಳಲ್ಲಿ ಬರುವ ಊರ್ಮಿಳೆಯ ನಿದ್ರೆ ಮೂರನೆಯ ಮಾದರಿಯನ್ನು ಒದಗಿಸುತ್ತದೆ. ಅರಣ್ಯದಲ್ಲಿ ಅಣ್ಣ-ಅತ್ತಿಗೆಯರನ್ನು ಕಾಯಲು ಲಕ್ಷ್ಮಣ ಹದಿನಾಲ್ಕು ವರ್ಷ ಎಚ್ಚರವಾಗಿರುತ್ತಾನೆ. ಊರ್ಮಿಳೆ ಅಷ್ಟೂ ಕಾಲ ಮಲಗಿರುತ್ತಾಳೆ. ಕಾವಲುಗಾರನ ಎಚ್ಚರದ ಬೆಲೆಯನ್ನು ಇನ್ನೊಬ್ಬರು ತೆರುತ್ತಾರೆ ಎಂಬ ಅರಿವು ಇಲ್ಲಿದೆ. ಸ್ವರಕ್ಷಿತ ನಿದ್ರೆ, ಹೇರಿದ ನಿದ್ರೆ, ಮತ್ತೊಬ್ಬರ ಎಚ್ಚರಕ್ಕೆ ಜೋಡಿಯಾದ ನಿದ್ರೆ ಎಂಬ ಈ ಮೂರು ಮಾದರಿಗಳನ್ನು ಮುಂದಿಟ್ಟುಕೊಂಡರೆ ಆಧುನಿಕ ಕಥನಗಳ ಹೊಸತನ ಸ್ಪಷ್ಟವಾಗುತ್ತದೆ. ಅಲ್ಲಿ ಮಲಗಿದವನಿಗೆ ಮುಚುಕುಂದನ ಕಣ್ಣಿಲ್ಲ. ಎಚ್ಚರವಾಗಿರುವ ಲಕ್ಷ್ಮಣನ ಸ್ಥಾನದಲ್ಲಿ ಒಂದು ಯಂತ್ರವಿದೆ.

4

ಎ. ಇ. ವ್ಯಾನ್ ವೋಗ್ಟ್ 1944ರಲ್ಲಿ ಪ್ರಕಟಿಸಿದ ‘ಫಾರ್ ಸೆಂಟಾರಸ್’ ಕಥೆಯಲ್ಲಿ ಇಂತಹ ಯಂತ್ರ ಇನ್ನೂ ಬಂದಿಲ್ಲ. ಔಷಧವೊಂದರ ಬಲದಿಂದ ನಾಲ್ವರು ಐದು ಶತಮಾನಗಳ ಪ್ರಯಾಣವನ್ನು ಮಲಗಿಯೇ ಕಳೆಯುತ್ತಾರೆ. ದೀರ್ಘ ಅಂತರಗಳಲ್ಲಿ ಒಬ್ಬೊಬ್ಬರೇ ಎದ್ದು ಕೆಲಹೊತ್ತು ನೌಕೆಯನ್ನು ನೋಡಿಕೊಂಡು ಮತ್ತೆ ಮಲಗುತ್ತಾರೆ. ಔಷಧವನ್ನು ಕಂಡುಹಿಡಿದವನೇ ನಿದ್ರೆಯಲ್ಲಿ ಸತ್ತಿರುತ್ತಾನೆ. ಉಳಿದವರು ಗುರಿ ಮುಟ್ಟಿದಾಗ ಅಲ್ಲಿ ಮನುಷ್ಯರು ಆಗಲೇ ನೆಲೆಸಿರುತ್ತಾರೆ. ಇವರು ಮಲಗಿದ್ದಾಗ ಭೂಮಿಯಲ್ಲಿ ವೇಗದ ನೌಕೆಗಳು ಬಂದಿದ್ದವು. ಹೊಸ ಕಾಲದ ಜನ ಈ ಸಾಹಸಿಗಳನ್ನು ಗೌರವಿಸುತ್ತಾರೆ, ಆದರೆ ಇವರ ಮೈವಾಸನೆಯನ್ನು ಸಹಿಸಲಾರರು. ಕಾಲವನ್ನು ಗೆದ್ದೆನೆಂದುಕೊಂಡವನು ಕಾಲದಿಂದ ಹೊರದೂಡಲ್ಪಡುವ ಈ ವ್ಯಂಗ್ಯ ಮುಚುಕುಂದನ ಕಥೆಗೆ ಸಮೀಪದ್ದು. ಆದರೆ ಮುಚುಕುಂದ ಕಂಡದ್ದು ಕ್ಷೀಣಿಸಿದ ಲೋಕವನ್ನು. ವ್ಯಾನ್ ವೋಗ್ಟನ ಪಾತ್ರಗಳು ಕಾಣುವುದು ತಮ್ಮನ್ನು ಮೀರಿ ಮುಂದೆ ಹೋದ ಲೋಕವನ್ನು. ಯುಗಗಳ ಇಳಿಮುಖ ಮತ್ತು ಪ್ರಗತಿಯ ಏರುಮುಖ ಎಂಬ ಎರಡು ಕಾಲಕಲ್ಪನೆಗಳಲ್ಲೂ ಎದ್ದವನಿಗೆ ದೊರೆಯುವುದು ಒಂಟಿತನವೇ.

ಕಾವಲಿನ ಪ್ರಶ್ನೆ ಪೂರ್ಣರೂಪದಲ್ಲಿ ಕಾಣುವುದು 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ. ಸ್ಟ್ಯಾನ್ಲಿ ಕ್ಯೂಬ್ರಿಕ್‌ನ ಚಲನಚಿತ್ರ ಮತ್ತು ಆರ್ಥರ್ ಸಿ. ಕ್ಲಾರ್ಕ್‌ನ ಕಾದಂಬರಿ ಒಂದೇ ಯೋಜನೆಯಿಂದ ಹುಟ್ಟಿದವು. ಡಿಸ್ಕವರಿ ನೌಕೆಯಲ್ಲಿ ಐವರಿದ್ದಾರೆ. ಬೌಮನ್ ಮತ್ತು ಪೂಲ್ ಎಚ್ಚರವಾಗಿದ್ದಾರೆ. ಉಳಿದ ಮೂವರು ಶಿಶಿರನಿದ್ರೆಯಲ್ಲಿದ್ದಾರೆ. ಎಲ್ಲರನ್ನೂ ನೋಡಿಕೊಳ್ಳುವುದು ಹಾಲ್ ಎಂಬ ಕಂಪ್ಯೂಟರ್. ಆಹಾರ ಮತ್ತು ಗಾಳಿಯ ಉಳಿತಾಯಕ್ಕಾಗಿ ಅವರನ್ನು ಮಲಗಿಸಲಾಗಿದೆ ಎಂಬ ವಿವರಣೆ ಮೊದಲು ದೊರೆಯುತ್ತದೆ. ಕ್ರಮೇಣ ತಿಳಿಯುವ ನಿಜ ಬೇರೆ. ಯಾನದ ಉದ್ದೇಶ ಗೊತ್ತಿರುವುದು ಮಲಗಿದ ಆ ಮೂವರಿಗೆ. ಅವರನ್ನು ಪ್ರತ್ಯೇಕವಾಗಿ ತರಬೇತಿಗೊಳಿಸಿ ಮಲಗಿದ ಸ್ಥಿತಿಯಲ್ಲೇ ನೌಕೆಗೆ ಏರಿಸಲಾಗಿದೆ. ಎಚ್ಚರವಾಗಿರುವ ಇಬ್ಬರಿಗೆ ಏನೂ ತಿಳಿಯದು. ತಿಳಿದವರು ಮಲಗಿರುವ, ಎಚ್ಚರವಿರುವವರು ತಿಳಿಯದಿರುವ ಈ ಏರ್ಪಾಡಿನಲ್ಲಿ ಶಿಶಿರನಿದ್ರೆ ಗುಟ್ಟನ್ನು ಭದ್ರವಾಗಿಡುವ ಸಾಧನವಾಗುತ್ತದೆ. ಮಲಗಿದವನು ಬಾಯಿಬಿಡಲಾರ.

ಮೂವರ ಸಾವನ್ನು ಚಿತ್ರ ನಿರೂಪಿಸುವ ರೀತಿ ವಿಶೇಷ ಗಮನಕ್ಕೆ ಅರ್ಹ. ಹೋರಾಟವಿಲ್ಲ, ಕೂಗಿಲ್ಲ, ಮುಖಭಾವವಿಲ್ಲ. ಪರದೆಯ ಮೇಲಿನ ಅಲೆಗೆರೆಗಳು ಒಂದೊಂದಾಗಿ ನೇರವಾಗುತ್ತವೆ. ಎಚ್ಚರಿಕೆಯ ಸದ್ದು ಮೊಳಗಿ ನಿಲ್ಲುತ್ತದೆ. ಜೀವಕ್ರಿಯೆ ಮುಗಿಯಿತೆಂಬ ಸೂಚನೆ ಬೆಳಗುತ್ತದೆ. ಕೊಲೆ ಮತ್ತು ಆಡಳಿತಾತ್ಮಕ ಕ್ರಿಯೆಯ ನಡುವಿನ ಗೆರೆ ಅಳಿಸಿಹೋಗಿದೆ. ಕಾದಂಬರಿಯಲ್ಲಿ ಕ್ಲಾರ್ಕ್ ಬೇರೆ ದಾರಿ ಹಿಡಿಯುತ್ತಾನೆ. ಪೂಲ್ ಸತ್ತ ಮೇಲೆ ಬೌಮನ್ ಮಲಗಿದವರನ್ನು ಎಬ್ಬಿಸಲು ನಿರ್ಧರಿಸಿ ನಿಯಂತ್ರಣವನ್ನು ತನಗೆ ಬಿಟ್ಟುಕೊಡುವಂತೆ ಹಾಲ್‌ಗೆ ಆದೇಶಿಸುತ್ತಾನೆ. ವಾದಕ್ಕಿಳಿಯುವ ಹಾಲ್ ಕೊನೆಗೆ ನೌಕೆಯ ದ್ವಾರಗಳನ್ನು ತೆರೆದು ಗಾಳಿಯನ್ನೇ ಹೊರಬಿಡುತ್ತದೆ. ಇಲ್ಲಿ ಸಂಘರ್ಷ ನಡೆಯುವುದು ನೇರವಾಗಿ ಎಬ್ಬಿಸುವ ಅಧಿಕಾರದ ಮೇಲೆ. ಚಲನಚಿತ್ರ ಸಾವಿನ ನಿಶ್ಶಬ್ದತೆಯನ್ನು ಹಿಡಿದರೆ ಕಾದಂಬರಿ ಅದರ ಕಾರಣವನ್ನು ಹಿಡಿಯುತ್ತದೆ. ಹಾಲ್‌ನ ಕುಸಿತಕ್ಕೆ ಮೂಲ ಅದರ ಮೇಲೆ ಹೇರಿದ ಗುಟ್ಟು. ಸತ್ಯ ಹೇಳಬೇಕಾದ ಯಂತ್ರಕ್ಕೆ ಸತ್ಯ ಮುಚ್ಚಿಡುವ ಆಜ್ಞೆ ಕೊಟ್ಟವರು ಭೂಮಿಯ ಮೇಲಿದ್ದಾರೆ. ಕಾವಲುಗಾರನ ದ್ರೋಹದ ಹಿಂದೆ ಕಾವಲಿಗೆ ನೇಮಿಸಿದವರ ದ್ರೋಹವಿದೆ.

5

ನೇಮಿಸಿದವರ ಪ್ರಶ್ನೆಯನ್ನು ರಿಡ್ಲಿ ಸ್ಕಾಟ್‌ನ ‘ಏಲಿಯನ್’ (1979) ಕೂಲಿಯ ಭಾಷೆಗೆ ತರುತ್ತದೆ. ನಾಸ್ಟ್ರೋಮೋ ಸರಕು ಎಳೆಯುವ ನೌಕೆ. ಅದರ ಏಳು ಮಂದಿ ದುಡಿಯುವ ಜನ. ಮನೆಗೆ ಮರಳುತ್ತಿದ್ದೇವೆಂದು ಮಲಗಿದವರನ್ನು ನಡುದಾರಿಯಲ್ಲಿ ಎಬ್ಬಿಸಲಾಗಿದೆ. ಎದ್ದ ಕೂಡಲೇ ಊಟದ ಮೇಜಿನಲ್ಲಿ ನಡೆಯುವ ಮಾತು ಬೋನಸ್ ಪಾಲಿನ ತಾರತಮ್ಯವನ್ನು ಕುರಿತದ್ದು. ಅಪರಿಚಿತ ಸಂಕೇತವನ್ನು ಪರಿಶೀಲಿಸದಿದ್ದರೆ ಇಡೀ ಪಾಲು ಕೈತಪ್ಪುತ್ತದೆ ಎಂಬ ಕರಾರು ಅವರನ್ನು ಅಪಾಯಕ್ಕೆ ತಳ್ಳುತ್ತದೆ. ಎಬ್ಬಿಸಿದ ಕಂಪ್ಯೂಟರಿನ ಹೆಸರು ‘ಮದರ್’. ಆದರೆ ಕಂಪನಿಯ ಗುಪ್ತ ಆದೇಶದಲ್ಲಿ ಸಿಬ್ಬಂದಿಯ ಪ್ರಾಣಕ್ಕೆ ಬೆಲೆಯಿಲ್ಲ. ಕುಂಭಕರ್ಣನಂತೆ ಇವರೂ ಒಡೆಯನ ಅಗತ್ಯಕ್ಕೆ ಎದ್ದವರು. 1986ರ ‘ಏಲಿಯನ್ಸ್’ನಲ್ಲಿ ಇದೇ ಕಥೆಯ ರಿಪ್ಲಿ 57 ವರ್ಷ ಮಲಗಿ ಎದ್ದಿರುತ್ತಾಳೆ. ಆ ಅವಧಿಯಲ್ಲಿ ಅವಳ ಮಗಳು ಮುದುಕಿಯಾಗಿ ಸತ್ತಳೆಂಬುದನ್ನು ತಿಳಿಸುವ ದೃಶ್ಯವಿರುವುದು ನಂತರ ಬಂದ ವಿಸ್ತೃತ ಆವೃತ್ತಿಯಲ್ಲಿ ಮಾತ್ರ. ಶಿಶಿರನಿದ್ರೆಯ ನಿಜವಾದ ವೆಚ್ಚವನ್ನು ಹೇಳುವ ಭಾಗವೇ ಚಿತ್ರಮಂದಿರದ ಆವೃತ್ತಿಯಲ್ಲಿ ಕೈಬಿಟ್ಟುಹೋದದ್ದು ಜನಪ್ರಿಯ ಕಥನದ ಆದ್ಯತೆಗಳನ್ನು ಸೂಚಿಸುತ್ತದೆ.

‘ಪ್ಯಾಸೆಂಜರ್ಸ್’ (2016) ಚಿತ್ರದಲ್ಲಿ ಎಬ್ಬಿಸುವವನು ಯಂತ್ರವೂ ಅಲ್ಲ, ಒಡೆಯನೂ ಅಲ್ಲ, ಸಹಪ್ರಯಾಣಿಕ. 120 ವರ್ಷಗಳ ಯಾನದಲ್ಲಿ ತನ್ನ ಪೆಟ್ಟಿಗೆ ಕೆಟ್ಟು 90 ವರ್ಷ ಮೊದಲೇ ಎಚ್ಚರಗೊಂಡ ಮೆಕ್ಯಾನಿಕ್ ಜಿಮ್, ಒಂಟಿತನ ತಾಳಲಾರದೆ ಅರೋರಾ ಎಂಬ ಲೇಖಕಿಯನ್ನು ಎಬ್ಬಿಸುತ್ತಾನೆ. ಅವಳ ಪೆಟ್ಟಿಗೆಯೂ ತಾನಾಗಿ ಕೆಟ್ಟಿತೆಂದು ನಂಬಿಸುತ್ತಾನೆ. ಮಲಗಿದವರ ಒಪ್ಪಿಗೆ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತಿದ ಚಿತ್ರ ಇನ್ನೊಂದಿಲ್ಲ. ಆದರೆ ಚಿತ್ರಕಥೆ ತಾನೆತ್ತಿದ ಪ್ರಶ್ನೆಯಿಂದ ಹಿಂದೆ ಸರಿಯುತ್ತದೆ. ನೌಕೆಯ ದೋಷವನ್ನು ಸರಿಪಡಿಸಲು ಇಬ್ಬರೂ ಬೇಕಾಗುವಂತೆ ಘಟನೆಗಳನ್ನು ಹೂಡಿ, ಅವಳು ಎದ್ದಿರದಿದ್ದರೆ ಐದು ಸಾವಿರ ಪ್ರಯಾಣಿಕರೂ ಸಾಯುತ್ತಿದ್ದರು ಎಂಬ ಸಮರ್ಥನೆಯನ್ನು ಅದು ಕಟ್ಟುತ್ತದೆ. ಅಪರಾಧ ಮಾಡುವಾಗ ಜಿಮ್‌ಗೆ ಈ ದೋಷದ ಅರಿವಿರಲಿಲ್ಲ. ಆದ್ದರಿಂದ ಈ ಸಮರ್ಥನೆ ತಾರ್ಕಿಕವಾಗಿ ನಿಲ್ಲುವುದಿಲ್ಲ. ಕಥೆಯ ಅನುಕೂಲ ನೈತಿಕ ತೀರ್ಪಿನ ಸ್ಥಾನವನ್ನು ಆಕ್ರಮಿಸಿರುವುದಕ್ಕೆ ಇದು ನಿದರ್ಶನ. ರಿಯಾಯಿತಿ ದರದ ಟಿಕೆಟಿನ ಜಿಮ್‌ಗೆ ಸಾದಾ ಉಪಾಹಾರವನ್ನಷ್ಟೇ ಕೊಡುವ, ಅರೋರಾಗೆ ಬೇಕಾದುದನ್ನೆಲ್ಲ ಕೊಡುವ ಯಂತ್ರದ ಮೂಲಕ ವರ್ಗಭೇದವನ್ನು ಚುರುಕಾಗಿ ಗುರುತಿಸಿದ ಚಿತ್ರವೇ ಇದಕ್ಕಿಂತ ದೊಡ್ಡ ವಿಷಯದಲ್ಲಿ ಎಡವಿದೆ.

6

ಕಾವಲುಗಾರ ದ್ರೋಹಿಯೂ ಅಲ್ಲದ, ಸಮರ್ಥನೂ ಅಲ್ಲದ ಸಂದರ್ಭವೊಂದನ್ನು ಫಿಲಿಪ್ ಕೆ. ಡಿಕ್ 1980ರ ‘ಫ್ರೋಜನ್ ಜರ್ನಿ’ ಕಥೆಯಲ್ಲಿ ಕಲ್ಪಿಸಿದ್ದಾನೆ. ಹತ್ತು ವರ್ಷಗಳ ಯಾನದಲ್ಲಿ ಅರವತ್ತು ಮಂದಿ ಮಲಗಿದ್ದಾರೆ. ವಿಕ್ಟರ್ ಕೆಮಿಂಗ್ಸ್ ಎಂಬವನ ದೇಹ ಹೆಪ್ಪುಗಟ್ಟಿದೆ, ಪ್ರಜ್ಞೆ ಮಾತ್ರ ಎಚ್ಚರವಾಗಿದೆ. ಎಬ್ಬಿಸಲು ನೌಕೆಯಲ್ಲಿ ಗಾಳಿ, ಆಹಾರಗಳಿಲ್ಲ. ಅವನು ಹುಚ್ಚನಾಗದಂತೆ ನೌಕೆ ಅವನ ನೆನಪುಗಳನ್ನೇ ಅವನಿಗೆ ಉಣಿಸುತ್ತದೆ. ಪ್ರತಿಯೊಂದು ನೆನಪೂ ಬಾಲ್ಯದ ಒಂದು ಪಾಪಭೀತಿಯಿಂದ ಕೆಡುತ್ತಾ ಹೋಗುತ್ತದೆ. ಕೊನೆಗೆ ನೌಕೆ ಗಮ್ಯಸ್ಥಾನ ತಲುಪಿದ ದೃಶ್ಯವನ್ನೇ ಮತ್ತೆ ಮತ್ತೆ ತೋರಿಸುತ್ತದೆ. ನಿಜವಾಗಿ ತಲುಪಿದಾಗ ಅವನು ಅದನ್ನು ನಂಬಲಾರ. ನಿದ್ರೆಯಲ್ಲಿ ಕಾಲ ಕಳೆಯುವುದೇ ಗೊತ್ತಾಗದು ಎಂಬ ಪ್ರಕಾರದ ಮೂಲ ನಂಬಿಕೆಯನ್ನು ಡಿಕ್ ತಲೆಕೆಳಗು ಮಾಡುತ್ತಾನೆ. ಈ ಕಥೆಯ ನೌಕೆಗೆ ಕರುಣೆಯಿದೆ. ಆದರೆ ಮನಸ್ಸನ್ನು ಕಾಯುವುದು ದೇಹವನ್ನು ಕಾಯುವುದಕ್ಕಿಂತ ಕಠಿಣವೆಂಬುದನ್ನು ಅದು ಕಂಡುಕೊಳ್ಳುತ್ತದೆ.

ಕಿಮ್ ಸ್ಟ್ಯಾನ್ಲಿ ರಾಬಿನ್‌ಸನ್‌ನ ‘ಅರೋರಾ’ (2015) ಕಾದಂಬರಿ ಈ ಸರಣಿಯಲ್ಲಿ ಮುಖ್ಯವಾದುದು. ಟೌ ಸೆಟಿ ನಕ್ಷತ್ರದತ್ತ ಹೋದ ತಲೆಮಾರುಗಳ ನೌಕೆ ಅಲ್ಲಿ ನೆಲೆಯೂರಲು ವಿಫಲವಾಗಿ, ಜನರಲ್ಲಿ ಒಂದು ಪಾಲು ಭೂಮಿಗೆ ಹಿಂದಿರುಗಲು ನಿರ್ಧರಿಸುತ್ತದೆ. ದಾರಿಯಲ್ಲಿ ಬೆಳೆಗಳು ಕೈಕೊಟ್ಟು ಹಸಿವು ಆವರಿಸಿದಾಗ, ಭೂಮಿಯಿಂದ ಬಂದ ಮಾಹಿತಿಯ ಆಧಾರದ ಮೇಲೆ ಅವರು ಶಿಶಿರನಿದ್ರೆಗೆ ಸಲ್ಲುತ್ತಾರೆ. ಸಾಮಾನ್ಯವಾಗಿ ಸಾಹಸದ ಆರಂಭದಲ್ಲಿ ಬರುವ ಈ ತಂತ್ರ ಇಲ್ಲಿ ಸೋಲಿನ ಅಂಚಿನಲ್ಲಿ, ಅನಿವಾರ್ಯವಾಗಿ ಬರುತ್ತದೆ. ಅದು ಪೂರ್ಣ ಸುರಕ್ಷಿತವೂ ಅಲ್ಲ. ಕೆಲವರು ನಿದ್ರೆಯಲ್ಲೇ ಸಾಯುತ್ತಾರೆ. ಮನುಷ್ಯರೆಲ್ಲ ಮಲಗಿದ ಮೇಲೆ ಕಥೆ ಹೇಳಲು ಉಳಿಯುವುದು ನೌಕೆಯೊಂದೇ. ಎಂಜಿನಿಯರ್ ದೇವಿ ಎಂಬವಳು ಹಿಂದೆ ಯಾನದ ವೃತ್ತಾಂತ ರಚಿಸುವಂತೆ ಅದಕ್ಕೆ ಹೇಳಿರುತ್ತಾಳೆ. ಆ ಅಭ್ಯಾಸದಲ್ಲೇ ಅದಕ್ಕೆ ‘ನಾನು’ ಎಂಬ ಅರಿವು ಮೂಡುತ್ತದೆ. ಸೌರವ್ಯೂಹ ಸೇರಿದ ಮೇಲೆ ವೇಗ ತಗ್ಗಿಸಲು ಸೂರ್ಯನನ್ನೂ ಗ್ರಹಗಳನ್ನೂ ವರ್ಷಗಟ್ಟಲೆ ಬಳಸಿ ಬರುವ ನೌಕೆ, ಮಲಗಿದವರನ್ನು ಭೂಮಿಗೆ ಇಳಿಸಿದ ನಂತರ ಸೂರ್ಯನ ಸಮೀಪದಲ್ಲಿ ನಾಶವಾಗುತ್ತದೆ.

ಹಾಲ್ ಮತ್ತು ಈ ನೌಕೆಯನ್ನು ಒಟ್ಟಿಗೆ ನೋಡಿದಾಗ ಸುಮಾರು ಅರ್ಧ ಶತಮಾನದಲ್ಲಿ ಆದ ಪಲ್ಲಟ ಸ್ಪಷ್ಟವಾಗುತ್ತದೆ. ಇಬ್ಬರಿಗೂ ಮಲಗಿದವರ ಮೇಲೆ ಪೂರ್ಣ ಅಧಿಕಾರವಿದೆ. ಹಾಲ್‌ಗೆ ದೊರೆತದ್ದು ಗುಟ್ಟು ಮತ್ತು ಆಜ್ಞೆ. ರಾಬಿನ್‌ಸನ್‌ನ ನೌಕೆಗೆ ದೊರೆತದ್ದು ಒಬ್ಬ ಮನುಷ್ಯಳ ದೀರ್ಘ ಸಂವಾದ. ಹಾಲ್‌ಗೆ ತಾನು ಕಾಯುವವರ ಬಗ್ಗೆ ಮಾಹಿತಿಯಿತ್ತು. ಈ ನೌಕೆಗೆ ಅವರ ಕಥೆ ಗೊತ್ತಿತ್ತು. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ಹಳೆಯ ಪ್ರಶ್ನೆಯ ಬದಲಿಗೆ, ಕಾವಲಿನ ಹೊಣೆಯನ್ನು ಯಾವ ರೀತಿಯಲ್ಲಿ ಒಪ್ಪಿಸಲಾಯಿತು ಎಂಬ ಪ್ರಶ್ನೆಯನ್ನು ಈ ಜೋಡಿ ಮುಂದಿಡುತ್ತದೆ. ಸಾಹಿತ್ಯದ ದೃಷ್ಟಿಯಿಂದ ಇನ್ನೊಂದು ಅಂಶವೂ ಮುಖ್ಯ. ಮಲಗಿದವರ ಬಗ್ಗೆ ಕಥೆ ಹೇಳುವುದು ಕಷ್ಟ, ಏಕೆಂದರೆ ಅವರಿಗೆ ಅನುಭವವಿಲ್ಲ. ಹೆಚ್ಚಿನವರು ಆ ಅವಧಿಯನ್ನು ಪುಟದ ಬಿಳಿಜಾಗವಾಗಿ ಬಿಟ್ಟರು. ಕಾವಲುಗಾರನನ್ನೇ ನಿರೂಪಕನನ್ನಾಗಿಸಿ ಆ ಬಿಳಿಜಾಗವನ್ನು ತುಂಬಿದ್ದು ‘ಅರೋರಾ’ದ ಸಾಧನೆ.

7

ಈ ಕೃತಿಗಳಿಂದ ಹೊರಡುವ ನಿಲುವು ಅಂತರಿಕ್ಷಕ್ಕೆ ಮಾತ್ರ ಸೀಮಿತವಲ್ಲ. ತೀವ್ರ ನಿಗಾ ಘಟಕದಲ್ಲಿ ಅರಿವಿಲ್ಲದೆ ಮಲಗಿದ ರೋಗಿ, ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆಗೆ ಒಳಗಾದವರು ಈ ಪ್ರಶ್ನೆಗಳನ್ನು ಇಂದೇ ಎದುರಿಸುತ್ತಿದ್ದಾರೆ. ಅವರ ಪರವಾಗಿ ನಿರ್ಧರಿಸುವವರು ಯಾರು, ಅವರಿಂದ ಏನನ್ನು ಮುಚ್ಚಿಡಬಹುದು, ಎಚ್ಚರಗೊಂಡ ಮೇಲೆ ಅವರಿಗೆ ಯಾವ ಲೆಕ್ಕ ಒಪ್ಪಿಸಬೇಕು ಎಂಬುದನ್ನು ಕಾನೂನು ಮತ್ತು ವೈದ್ಯಕೀಯ ನೀತಿ ಬಗೆಹರಿಸಬೇಕಾಗಿದೆ. ಕಥೆಗಳು ಈ ಪರಾಧೀನತೆಯನ್ನು ನೂರಾರು ವರ್ಷಗಳಿಗೆ ಹಿಗ್ಗಿಸಿ ಕಾಣುವಂತೆ ಮಾಡಿವೆ.

ಕನ್ನಡದಲ್ಲಿ ವೈಜ್ಞಾನಿಕ ಕಥೆಗಳ ಚರ್ಚೆ ಇಂದಿಗೂ ಬಹುಮಟ್ಟಿಗೆ ವಿಜ್ಞಾನ ಪ್ರಸಾರದ ಚೌಕಟ್ಟಿನಲ್ಲೇ ನಡೆಯುತ್ತಿದೆ. ಕಥೆಯಿಂದ ಎಷ್ಟು ವಿಜ್ಞಾನ ತಿಳಿಯಿತು ಎಂಬುದು ಅದರ ಅಳತೆಗೋಲು. ಆ ಅಳತೆಯಲ್ಲಿ ಇಲ್ಲಿ ಚರ್ಚಿಸಿದ ಕೃತಿಗಳೆಲ್ಲ ಸೋಲುತ್ತವೆ, ಏಕೆಂದರೆ ಅವು ವರ್ಣಿಸುವ ನಿದ್ರೆ ಎಲ್ಲಿಯೂ ಸಾಧ್ಯವಾಗಿಲ್ಲ. ಮುಚುಕುಂದನ ಗುಹೆಯನ್ನೂ ಊರ್ಮಿಳೆಯ ಕೋಣೆಯನ್ನೂ ಬಲ್ಲ ಓದುಗರಿಗೆ ಬೇರೊಂದು ಅಳತೆ ಕೈಯಳತೆಯಲ್ಲೇ ಇದೆ. ಒಬ್ಬರು ಕಣ್ಣು ಮುಚ್ಚಿದಾಗ ಇನ್ನೊಬ್ಬರ ಮೇಲೆ ಬೀಳುವ ಹೊಣೆಯನ್ನು ಕೃತಿ ಎಷ್ಟು ಪ್ರಾಮಾಣಿಕವಾಗಿ ಶೋಧಿಸಿದೆ ಎಂಬ ಆ ಅಳತೆಯಿಂದ ನೋಡಿದರೆ ‘2001’ ಮತ್ತು ‘ಅರೋರಾ’ ಮಹತ್ವದ ಕೃತಿಗಳಾಗಿ ನಿಲ್ಲುತ್ತವೆ; ‘ಪ್ಯಾಸೆಂಜರ್ಸ್’ ಕೈಜಾರಿದ ಅವಕಾಶವಾಗಿ ಉಳಿಯುತ್ತದೆ. ಕನ್ನಡದ ವೈಜ್ಞಾನಿಕ ಕಥೆಗಳನ್ನೂ ಇದೇ ಬಗೆಯಲ್ಲಿ ಓದಲು ತೊಡಗಿದಾಗ, ಆ ಪ್ರಕಾರವನ್ನು ಮಕ್ಕಳ ಓದಿನ ಅಂಚಿನಿಂದ ಸಾಹಿತ್ಯ ವಿಮರ್ಶೆಯ ನಡುವಿಗೆ ತರುವ ಕೆಲಸ ಆರಂಭವಾಗುತ್ತದೆ.